ಕಲ್ಲು ಬಾಯಿಯ ತೀರ್ಥ

ಆ ನೀರು ಬಾಯಿಗೆ ಹೋಗದ ಹಾಗೆ ನೋಡಿಕೊಳ್ಳಿ ಎಂದು ಮಾರ್ಗರೆಟ್ ಎರಡು ಸಲ ಹೇಳಿದ್ದಳು. ಫ್ರಾನ್ಸಿನ ಯಾವುದೋ ಹಳೇ ಕೆಥೆಡ್ರಲ್ಲನ್ನು ಕಲ್ಲು ಕಲ್ಲಾಗಿ ಬಿಚ್ಚಿ ತಂದು ಹಡ್ಸನ್ ನದಿಯ ದಂಡೆಯಲ್ಲಿ ಮತ್ತೆ ಕಟ್ಟಿದ್ದರು. ಮಾರ್ಗರೆಟ್ ಅದನ್ನು ನೋಡಿಕೊಳ್ಳುವ ಮುದುಕಿ. ಮಾಡಿನ ಮಳೆನೀರು ಉಗುಳುವ ವಿಕಾರ ಮುಖಗಳು ಸುತ್ತಲೂ ಇದ್ದವು. ಕೈಗೆಟಕುವಷ್ಟು ಕೆಳಗಿದ್ದದ್ದು ಅಂಗಳದ ಗೋಡೆಯದೊಂದೇ. ಬಿಷಪ್ಪನಿಗೆ ಎದುರಾಡಿ ನಾಲಿಗೆ ಕೊಯ್ಸಿಕೊಂಡ ಕಲ್ಲುಕುಟಿಗ ಮಾಟ ಮಾಡಿ ಕಡೆದದ್ದಂತೆ. ಅದರ ನೀರು ಕುಡಿದವರ ದನಿಯನ್ನು ಅದು ನುಂಗುತ್ತದಂತೆ. ಇನ್ನೊಬ್ಬರ ದನಿ ಸಿಗುವವರೆಗೆ ಬಿಡುವುದಿಲ್ಲವಂತೆ.

ಸಂಸಾರ ಸಮೇತ ನೋಡಲು ಬಂದಿದ್ದ ರಮ್ಯಶ್ರೀಗೆ ನಗು ತಡೆಯಲಾಗಲಿಲ್ಲ. ಪಾರ್ಸಿಪನಿ ಊರಿನ ತನ್ನ ಆಫೀಸಿನಲ್ಲಿ ಮ್ಯಾನೇಜರನ ಬಾಯನ್ನೇ ಮುಚ್ಚಿಸಿದ ಹೆಂಗಸು ಅವಳು. ನಮ್ಮ ಕಡೆ ಗರ್ಭಗುಡಿಯ ನೀರು ಹೀಗೇ ಕಲ್ಲಿನ ಬಾಯಿಂದ ಬಿದ್ದರೆ ಜನ ಮುಗಿಬಿದ್ದು ಕುಡಿಯುತ್ತಾರೆ ಎಂದು ಗಂಡ ಶಿವಪ್ರಸಾದನಿಗೆ ಹೇಳುತ್ತಲೇ, ಆಗಷ್ಟೇ ನಿಂತ ಮಳೆಗೆ ಆ ಬಾಯಿಂದ ಇನ್ನೂ ಸುರಿಯುತ್ತಿದ್ದ ನೀರಿಗೆ ಬೊಗಸೆ ಒಡ್ಡಿದಳು. ಪಾಚಿಯ ವಾಸನೆ, ಅದರಡಿ ಹಸಿ ರಕ್ತದಂಥ ಇನ್ನೊಂದು ವಾಸನೆ. ಅಭ್ಯಾಸಬಲದಿಂದ ಮೊದಲು ಮಗಳಿಗೇ ಕೊಟ್ಟಳು.

“ತೀರ್ಥ ತಗೋ, ಪುಟ್ಟಿ.”

ಬೆಳಗಿನಿಂದ ವಟವಟ ಅನ್ನುತ್ತಿದ್ದ ಆರು ವರ್ಷದ ಆನ್ಯಾ ಸುರ್ರೆಂದು ಹೀರಿದಳು. ಏನೋ ಹೇಳಲು ಬಾಯಿ ತೆರೆದಳು. ದನಿ ಬರಲಿಲ್ಲ. ಮತ್ತೆ ತೆರೆದಳು. ತುಟಿ ಆಡುತ್ತಿತ್ತು, ಸದ್ದಿಲ್ಲ.

ಸದ್ದು ಬಂದದ್ದು ಕಲ್ಲಿನೊಳಗಿಂದ.

“ಅಮ್ಮಾ, ಇಟ್ಸ್ ಡಾರ್ಕ್ ಇನ್ ಹಿಯರ್.”

ಶಿವಪ್ರಸಾದ ಮಗುವನ್ನು ಬಾಚಿಕೊಂಡ. ಮಾರ್ಗರೆಟ್ ಶಿಲುಬೆಯ ಗುರುತು ಮಾಡಿಕೊಂಡಳು. ರಮ್ಯಶ್ರೀ ತನ್ನ ಒದ್ದೆ ಬೊಗಸೆಯನ್ನು ನೋಡಿದಳು. ತಾನೇ ಕುಡಿಸಿದ್ದು, ತನ್ನ ಕೈಯಾರೆ. ಆಮೇಲೆ ಹೆದರಿಕೆಯನ್ನು ಮೆಟ್ಟಿ ಸಿಟ್ಟು ಬಂತು.

“ಮಗು ತಂಟೆಗೆ ಬರ್ತೀಯಾ? ನನ್ ದನಿ ತಗೋ. ಆದ್ರೆ ನಾನು ಸುಮ್ನಿರೋಳಲ್ಲ, ತಿಳ್ಕೋ.”

ಕಲ್ಲಿಗೆ ಬಾಯಿಟ್ಟಳು. ಕುಡಿದಳು. ಗಂಟಲು ಮರಗಟ್ಟಿತು. ಕತ್ತಲು. ಒಳಗಿನಿಂದ ಏನೋ ಕಿತ್ತು ಬಂತು. ಅವಳು ಬಿಡಲಿಲ್ಲ. ಇನ್ನೊಂದು ಗುಟುಕು. ಇನ್ನೊಂದು.

ಹಿಂದಿನಿಂದ ಆನ್ಯಾ ಜೋರಾಗಿ ಅತ್ತಳು.

ಅಂದಿನಿಂದ ರಮ್ಯಶ್ರೀ ಫೋನಿನಲ್ಲಿ ಟೈಪ್ ಮಾಡಿ ಮಾತಾಡುತ್ತಾಳೆ. ಡಾಕ್ಟರುಗಳು ಕೈಚೆಲ್ಲಿದ್ದಾರೆ. ಬೇರೆ ಯಾರಾದರೂ ಆ ನೀರು ಕುಡಿದರೆ ಮಾತ್ರ ಅವಳ ದನಿ ಅವಳಿಗೆ.

ಎಲೆ ಉದುರುವ ಫಾಲ್ ಶುರುವಾದಾಗ ಮಾರ್ಗರೆಟ್ ಫೋನ್ ಮಾಡಿದಳು. ಇಷ್ಟು ವರ್ಷ ಬಾಯಿಬಿಡದ ಕಲ್ಲು ಈಗ ಮಳೆ ಬಂದಾಗಲೆಲ್ಲ ನಿಮ್ಮ ಭಾಷೆಯಲ್ಲಿ ಒಂದೇ ಸಮ ಕೂಗುತ್ತದೆ, ಹತ್ತಿರ ಬಂದವರು ಓಡಿಹೋಗುತ್ತಾರೆ, ಏನಂತಿದೆ ಎಂದು ಕೇಳಿ ಫೋನನ್ನು ಗೋಡೆಗೆ ಹಿಡಿದಳು. ನೀರಿನ ಸದ್ದಿನ ನಡುವೆ ರಮ್ಯಶ್ರೀಯ ದನಿಯೇ ಕೇಳಿಸಿತು.

“ದೂರ ನಿಲ್ಲಿ. ಇದನ್ನ ಕುಡೀಬೇಡಿ.”

ರಮ್ಯಶ್ರೀ ಸದ್ದಿಲ್ಲದೆ ನಕ್ಕಳು. ಕಣ್ಣೊರೆಸಿಕೊಂಡು, ಅದರ ಅರ್ಥವನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿ ಮಾರ್ಗರೆಟ್‌ಗೆ ಕಳಿಸಿದಳು.