ಇಬ್ಬರಿಗೆ ಐದೂವರೆ

“ಏನಮ್ಮಾ ಬೆರ್ಮೆಟ್, ನನ್ನ ಮಗನನ್ನ ಎಲ್ಲಿಗೆ ಕಳಿಸಿಬಿಟ್ಟೆ?”

ಸ್ಟುಡಿಯೋ ಬಾಗಿಲಲ್ಲೇ ನಿಂತು, ಊರಿಗೆಲ್ಲ ಅಮ್ಮನಂತಿದ್ದ ಬುರುಲ್ ಅಪಾ ಫೋಟೋ ಮೇಲೆತ್ತಿ ಅಲ್ಲಾಡಿಸಿದರು. ಫೋಟೋದಲ್ಲಿ ಕುರ್ಚಿಯ ಮೇಲೆ ಕೂತ ಹುಡುಗಿಯ ರೆಪ್ಪೆಕೂದಲನ್ನು ಒಂದೊಂದಾಗಿ ಎಣಿಸಬಹುದಿತ್ತು. ಅವಳ ಹಿಂದೆ ನಿಂತ ಗಂಡಸು ಮಾತ್ರ ಬರೀ ಹೊಗೆ. ಆ ಹೊಗೆಯೇ ಈಗ ಅಪಾ ಬೆನ್ನ ಹಿಂದೆ, ಕೈಯಲ್ಲಿ ಜೇನಿನ ಬಾಟಲಿ ಹಿಡಿದು, ತುಟಿಯಂಚಿನಲ್ಲಿ ನಗು ಅಡಗಿಸಿಕೊಂಡು ನಿಂತಿತ್ತು. ಅವರ ದೊಡ್ಡ ಮಗ ಕುತ್ಮನ್.

ಬೆರ್ಮೆಟ್‌ಗೆ ಮೈಯೆಲ್ಲ ಉರಿಯಿತು. ಮದುವೆ ನಿಶ್ಚಯವಾದವನಿಗೆ ಇಷ್ಟು ಚೆಂದದ ನಗು ಯಾತಕ್ಕೆ ಬೇಕು?

ಕರಾಕೋಲ್ ಪೇಟೆಯ ಆ ಸ್ಟುಡಿಯೋ ಅವಳಪ್ಪ ನಲವತ್ತು ವರ್ಷ ನಡೆಸಿ ಅವಳ ಕೈಗಿತ್ತದ್ದು. ಜೇನು ಸಾಕುವ ಕುತ್ಮನ್ ಎರಡು ವರ್ಷದಿಂದ ಪಾಸ್‌ಪೋರ್ಟ್ ಫೋಟೋ ತೆಗೆಸಲು ಅಲ್ಲಿಗೆ ಬರುತ್ತಿದ್ದ. ಹನ್ನೊಂದು ಸಲ ತೆಗೆಸಿದ್ದ. ಮಹಾರಾಯ ಊರ ಪಕ್ಕದ ಸರೋವರದ ಆಚೆ ದಡಕ್ಕೂ ಹೋದವನಲ್ಲ! ಅವಳು ಬೆರಳ ತುದಿಯಿಂದ ಅವನ ಗದ್ದವನ್ನು ಇಷ್ಟೇ ಇಷ್ಟು ಎತ್ತುವಾಗ ಅವನು ಉಸಿರು ಬಿಗಿಹಿಡಿಯುತ್ತಿದ್ದ. ಅವಳು ಬೇಕೆಂದೇ ಇನ್ನೊಮ್ಮೆ ಸರಿಮಾಡುತ್ತಿದ್ದಳು. ಮಾತು ಮಾತ್ರ ಕೇಳಬೇಡಿ, ಇಬ್ಬರ ಬಾಯಲ್ಲೂ ಕಡುಬು.

ಹೋದ ವಾರ ಅಪಾ ಫೋನ್ ಮಾಡಿ, “ಭಾನುವಾರ ಮಗನ ಹುಡುಗಿಗೆ ಓಲೆ ತೊಡಿಸ್ತೀವಿ, ಬಂದು ಫೋಟೋ ತೆಗಿ” ಅಂದಿದ್ದರು. ಗಂಡಿನ ತಾಯಿ ಹುಡುಗಿಯ ಕಿವಿಗೆ ಓಲೆ ಇಟ್ಟಳೆಂದರೆ ಮುಗಿಯಿತು, ಅವಳು ಆ ಮನೆಯವಳು. ಯಾವ ಮಗ ಎಂದು ಬೆರ್ಮೆಟ್ ಕೇಳಲಿಲ್ಲ. ಚಿಕ್ಕವನು ಎರ್ಬೋಲ್ ಗಡಿಯಲ್ಲಿ ಸಿಪಾಯಿ. ಅಣ್ಣ ಇರುವಾಗ ತಮ್ಮನ ಹೆಸರಲ್ಲಿ ಓಲೆ ಒಯ್ದದ್ದನ್ನು ಆ ಸೀಮೆಯಲ್ಲಿ ಯಾರೂ ಕಂಡಿಲ್ಲ. ಹೋಗಿ ನೋಡಿದರೆ ಹುಡುಗಿಯ ಹಿಂದೆ ಇಸ್ತ್ರಿ ಅಂಗಿ ತೊಟ್ಟು ಕುತ್ಮನ್ ನಿಂತಿದ್ದ.

“ಲೆನ್ಸಿನ ಕಿಂಡಿ, ಅಂದರೆ ಅಪರ್ಚರ್, ಒಬ್ಬರಿಗೆ ಎರಡು, ಇಬ್ಬರಿಗೆ ಐದೂವರೆ, ಸಂಸಾರಕ್ಕೆ ಎಂಟು. ನಂಬರ್ ಏರಿಸಿದಷ್ಟೂ ಹಿಂದೆ ನಿಂತವರೂ ಸ್ಪಷ್ಟ.” ಅಪ್ಪನ ಈ ಪಾಠ ಅವಳಿಗೆ ನಿದ್ದೆಯಲ್ಲೂ ಬರುತ್ತದೆ. ಆದರೂ ಅವತ್ತು ಬೇಕೆಂದೇ ಒಂದು ಪಾಯಿಂಟ್ ನಾಲ್ಕಕ್ಕೆ ತಿರುಗಿಸಿ, ಹುಡುಗಿಯ ಕಣ್ಣಿಗೆ ಫೋಕಸ್ ಇಟ್ಟಳು. ಹಿಂದಿನ ಮುಖ ಕರಗಿಹೋಯಿತು. ಕರಗಲಿ, ಹಾಳಾಗಿ ಹೋಗಲಿ ಎಂದು ಕ್ಲಿಕ್ ಮಾಡಿ, ಮುಂದಿಟ್ಟ ರೊಟ್ಟಿಯ ತುಣುಕನ್ನೂ ಬಾಯಿಗಿಡದೆ ಬಂದುಬಿಟ್ಟಿದ್ದಳು.

“ಮಗ ಹೋಗಲಿ, ಓಲೆ ಎಲ್ಲಿ ತಾಯಿ?” ಅಪಾ ಬಿಡಲಿಲ್ಲ. “ನಮ್ಮತ್ತೆ ಕೊಟ್ಟ ಬೆಳ್ಳಿ ಓಲೆ! ಕಿವೀಗೆ ಬೆಣ್ಣೆ ಸವರಿದ ಹಾಗೆ ಕಾಣ್ತಿದೆ.”

“ಲೆನ್ಸ್ ಹೊಸದು ಅಪಾ, ಇನ್ನೂ ಕೈಗೆ ಹಿಡಿತ ಸಿಕ್ಕಿಲ್ಲ.” ಶುದ್ಧ ಸುಳ್ಳು. ಆ ಲೆನ್ಸಿಗೆ ಅವಳಷ್ಟೇ ವಯಸ್ಸು.

“ಎರ್ಬೋಲ್ ಗಡಿಯಿಂದ ಬೊಬ್ಬೆ ಹೊಡೀತಾನೆ, ‘ನನ್ನ ಹುಡುಗಿ ಹಿಂದೆ ಅದ್ಯಾವ ದೆವ್ವ ನಿಂತಿದೆ’ ಅಂತ. ಪಾಪ, ರಜೆ ಸಿಗಲಿಲ್ಲ ಅವನಿಗೆ. ಮನೆ ಗಂಡಸು ಒಬ್ಬ ಇರಲಿ ಅಂತ ಇವನನ್ನ ನಿಲ್ಲಿಸಿದ್ದೆ.”

ಬೆರ್ಮೆಟ್ ಕೈಯಿಂದ ಲೆನ್ಸ್ ಒರೆಸುವ ಬಟ್ಟೆ ಜಾರಿ ಬಿತ್ತು.

“ಎರ್ಬೋಲನ... ಹುಡುಗೀನಾ?”

“ಮತ್ತಿನ್ಯಾರದ್ದು?”

“ಅಲ್ಲ ಅಪಾ, ಅಣ್ಣ ಇರುವಾಗ...”

“ಇದ್ದಾನಲ್ಲ ಅಣ್ಣ, ಪಾಸ್‌ಪೋರ್ಟ್ ಫೋಟೋ ತೆಗೆಸ್ಕೊಂಡು! ‘ನನಗೆ ಕಾದ್ರೆ ಆ ಹುಡುಗಿ ಮುದುಕಿ ಆಗ್ತಾಳೆ, ತಮ್ಮಂದೇ ಮೊದಲು ಮಾಡು’ ಅಂತ ಇವನೇ ಅಂದ.” ಅಪಾ ಕಣ್ಣು ಕಿರಿದು ಮಾಡಿದರು. “ನೀನು ರೊಟ್ಟಿ ಮುಟ್ಟದೆ ಓಡಿದೆಯಲ್ಲ, ಓಲೆ ಶಾಸ್ತ್ರದಿಂದ ಹಾಗೆ ಯಾರೂ ಎದ್ದು ಹೋಗಲ್ಲ. ಆವಾಗ್ಲೇ ನನಗೆ ಅನುಮಾನ ಬಂತು.”

ವಾರದಿಂದ ಎದೆಯ ಮೇಲೆ ಕೂತಿದ್ದ ಬೀಸುಕಲ್ಲು ಇಳಿದುಹೋಯಿತು. ಅಬ್ಬಾ! ಬೆರ್ಮೆಟ್‌ಗೆ ಅಳುವೂ ನಗುವೂ ಒಟ್ಟಿಗೇ ಬಂದು, ಬಿದ್ದ ಬಟ್ಟೆ ಎತ್ತುವ ನೆಪದಲ್ಲಿ ಮೇಜಿನ ಮರೆಗೆ ಬಗ್ಗಿದಳು. ಬಟ್ಟೆ ಆಗಲೇ ಕುತ್ಮನ್ ಕೈಯಲ್ಲಿತ್ತು. ಅವನೂ ಬಗ್ಗಿದ್ದ.

“ಬೇಕಂತಲೇ ಮಸುಕು ಮಾಡಿದ್ರಾ?” ಮೆಲ್ಲಗೆ ಕೇಳಿದ.

“ಹೂಂ.”

“ಯಾಕೆ?”

“ಇನ್ನೊಬ್ಬಳ ಪಕ್ಕದಲ್ಲಿ ನಿಮ್ಮನ್ನ ಸ್ಪಷ್ಟವಾಗಿ ನೋಡೋಕೆ ಆಗಲಿಲ್ಲ ನನಗೆ.”

ಕುತ್ಮನ್ ಕಿವಿ ಕೆಂಪಾಯಿತು. “ಹನ್ನೊಂದು ಸಲ ನಿನ್ನ ಮುಂದೆ ಕೂತೆ ಬೆರ್ಮೆಟ್. ಹನ್ನೊಂದು ಸಲವೂ ಹೇಳೇಬಿಡೋಣ ಅಂತ ಬಾಯಿ ತೆರೆದೆ. ನೀನು ‘ಬಾಯಿ ಮುಚ್ಚಿ, ಅಲ್ಲಾಡಬೇಡಿ’ ಅಂದೆ.”

‘ನೀವು’ ಹೋಗಿ ‘ನೀನು’ ಬಂದದ್ದು ಅವಳಿಗೆ ಜೇನಿಗಿಂತ ಸಿಹಿಯಾಗಿತ್ತು.

“ಈಗ ತೆರೀರಿ” ಅಂದಳು.

“ನೀನಂದ್ರೆ ನನಗೆ ಪ್ರಾಣ.”

“ಮೇಜಿನ ಕೆಳಗೆ ಏನು ಸಿಕ್ಕಿತು ಇಬ್ಬರಿಗೂ?” ಅಪಾ ಕೆಮ್ಮಿದರು. “ಎದ್ದೇಳಿ. ಸೊಸೆ ಫೋಟೋ ನಾಳೆ ಸರಿಯಾಗಿ ತೆಗೆದುಕೊಡು. ಇವತ್ತು ನಿಮ್ಮಿಬ್ಬರದ್ದು ಆಗಲಿ.”

ಬೆರ್ಮೆಟ್ ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಏರಿಸಿ, ದೀಪ ಹಾಕಿ, ಇಬ್ಬರಿಗೆಂದು ಐದೂವರೆಗೆ ತಿರುಗಿಸಿದಳು. ಟೈಮರ್ ಒತ್ತಬೇಕು, ಅಷ್ಟರಲ್ಲಿ ಅಪಾ ತಡೆದರು.

“ತಾಳು, ಬರಿಗಿವಿ ಚೆನ್ನಾಗಿಲ್ಲ.” ತಮ್ಮ ಕಿವಿಯ ಓಲೆಗಳನ್ನೇ ಬಿಚ್ಚಿ ಅಂಗೈಯಲ್ಲಿ ಹಿಡಿದರು. “ಶಾಸ್ತ್ರಕ್ಕೆ ನಿಮ್ಮಪ್ಪನ ಹತ್ತಿರ ಬರ್ತೀವಿ, ಅದು ಆಮೇಲಿನ ಮಾತು. ಮೊದಲು ನಿನ್ನನ್ನ ಕೇಳ್ತಿದ್ದೀನಿ ಮಗಳೇ, ಹಾಕಲಾ?”

ಬೆರ್ಮೆಟ್ ಕೂದಲನ್ನು ಕಿವಿಯ ಹಿಂದಕ್ಕೆ ಸರಿಸಿದಳು.

ಓಲೆ ತೊಟ್ಟವಳು ಮತ್ತೆ ಕ್ಯಾಮೆರಾದತ್ತ ಬಗ್ಗಿ ಲೆನ್ಸ್ ತಿರುಗಿಸಿದಳು.

“ಮತ್ತೇನೇ ಅದು ತಿರುವೋದು?”

“ಎಂಟಕ್ಕೆ ಇಡ್ತಿದ್ದೀನಿ. ನೀವೂ ಬನ್ನಿ ಅಪಾ, ನಡುವೆ ಕೂತ್ಕೊಳ್ಳಿ.”

ಆ ಫೋಟೋದಲ್ಲಿ ಓಲೆಯ ಕೆತ್ತನೆಯಿಂದ ಅಪಾ ಕೆನ್ನೆಯ ಸುಕ್ಕಿನವರೆಗೆ ಎಲ್ಲವೂ ಸ್ಪಷ್ಟ. ಕುತ್ಮನ್ ಮಾತ್ರ ಬಾಯಿ ತೆರೆದುಕೊಂಡು ನಗುತ್ತಿದ್ದ. ಬೆರ್ಮೆಟ್ ‘ಬಾಯಿ ಮುಚ್ಚಿ’ ಅನ್ನಲಿಲ್ಲ.