ನಾಲ್ಕನೆಯ ಕರೆ

ಕೊಟ್ಟಿಗೆ ತೊಳೆಯುತ್ತಿದ್ದ ಹಾಲಿನಕ್ಕ ಪೊರಕೆಯನ್ನು ಗೋಡೆಗೊರಗಿಸಿ ನಿಂತಳು. ಕಡಸು ಹಿಂಡಿಗೆ ಬಾಯಿ ಹಾಕಿರಲಿಲ್ಲ. ಮೂಲೆಗೆ ಸರಿದು, ಬಾಲ ಎತ್ತಿಕೊಂಡು, ತನ್ನ ಹೊಟ್ಟೆಯನ್ನೇ ತಿರುತಿರುಗಿ ನೋಡುತ್ತಿತ್ತು.

"ಏನೇ ತಾಯಿ, ಇವತ್ತೇನಾ?"

ಚೊಚ್ಚಲ ಬಸಿರು. ಕೆಚ್ಚಲು ಇಳಿದು ಮೂರು ವಾರವಾಗಿತ್ತು. ಅದನ್ನು ಅವಳು ನೆಚ್ಚಲಿಲ್ಲ. ಕೈಯೊರೆಸಿಕೊಂಡು ಬಾಲದ ಬುಡದ ಎರಡೂ ಪಕ್ಕ ಒತ್ತಿ ನೋಡಿದಳು. ನಿನ್ನೆ ಹುರಿಹಗ್ಗದಂತೆ ಬಿಗಿಯಾಗಿದ್ದ ಜಾಗ ಇವತ್ತು ನೆನೆದ ಬಟ್ಟೆಯಂತೆ ಮೆತ್ತಗಾಗಿ ಕುಳಿಬಿದ್ದಿತ್ತು. ತಿಳಿಯಾದ ಲೋಳೆ ದಾರದಂತೆ ಜೋತಿತ್ತು.

ಇಪ್ಪತ್ತೆರಡು ವರ್ಷದ ಹಿಂದೆ, ಇದೇ ಕೊಟ್ಟಿಗೆಯಲ್ಲಿ, ಬೇರೊಂದು ಚೊಚ್ಚಲ ಕಡಸಿನ ಬಳಿ, ಅವಳ ಕೈಮೇಲೆ ಇನ್ನೊಂದು ಕೈ ಇತ್ತು.

"ಕೆಚ್ಚಲು ನೋಡಿ ಮೋಸ ಹೋಗ್ಬೇಡಿ. ಚೊಚ್ಚಲಿಗೆ ಅದು ಬೇಗ ತುಂಬ್ಕೊಳ್ಳುತ್ತೆ. ಇಲ್ಲಿ ಮುಟ್ಟಿ. ಈ ಬಿಗಿ ಸಡಿಲಾದ ದಿನ ನನಗೆ ಹೇಳಿ ಕಳಿಸಿ."

ಊರಿಗೆಲ್ಲ ಅವಳು ಹಾಲಿನಕ್ಕ. ದನದ ಡಾಕ್ಟರು ಒಬ್ಬರೇ ಹಾಗೆ ಕರೆಯುತ್ತಿರಲಿಲ್ಲ.

"ಅಕ್ಕ ಅನ್ನೋಕೆ ನಿಮಗೇನು ಕಷ್ಟ?" ಎಂದು ಅವಳು ಕೇಳಿದ್ದಳು.

"ಈಗ ಅಂದ್ಬಿಟ್ರೆ ಮುಂದೆ ತೊಂದರೆಯಾಗುತ್ತೆ," ಎಂದು ಅವರು ಹಸುವಿನ ಬೆನ್ನ ಮೇಲಿಂದ ಕಣ್ಣಲ್ಲೇ ನಕ್ಕಿದ್ದರು. ಅವಳು ಬಗ್ಗಿ, ಚೆಲ್ಲದ ಹುಲ್ಲನ್ನು ಆರಿಸಿದ್ದಳು.

ಆ ಕಡಸಿಗಾಗಿ ಮೂರು ಸಲ ಹೇಳಿ ಕಳಿಸಿದಳು. ಮೂರು ಸಲವೂ ಕೆಚ್ಚಲು ನೋಡಿಯೇ ಗಾಬರಿ. ಮೂರನೆಯ ಸಲ, ಹಾಲಿಗೆ ನಿಂತವರೆಲ್ಲರ ಎದುರಿಗೇ ಅವರು ಕೇಳಿಬಿಟ್ಟರು: "ನಿಜ ಹೇಳಿ, ದಿನ ತುಂಬಿರೋದು ಕಡಸಿಗೋ, ನನ್ನ ನೋಡದೆ ನಿಮಗೋ?"

ಎಲ್ಲರೂ ಗೊಳ್ಳೆಂದರು. ಅವಳ ಕಿವಿ ಕೆಂಡವಾಯಿತು. ಮಾತು ನಿಜವಾಗಿದ್ದಕ್ಕೇ ಅಷ್ಟು ಸುಟ್ಟಿತು.

ನಾಲ್ಕನೆಯ ಸಲ ಕಡಸಿಗೆ ಬೆಳಿಗ್ಗೆಯೇ ನಿಜವಾದ ನೋವು ಬಂದಿತ್ತು. ಇನ್ನೊಮ್ಮೆ ನಗೆಪಾಟಲಾಗಲಾರೆ ಎಂದು ಅವಳು ಮಧ್ಯಾಹ್ನದವರೆಗೆ ಕಾದು, ಆಮೇಲೆ ಹೇಳಿ ಕಳಿಸಿದಳು. ಡಾಕ್ಟರು ಓಡಿಬಂದು, ತೋಳು ಸೋಲುವವರೆಗೆ ಹೆಣಗಿ, ಹಸುವನ್ನಷ್ಟೇ ಉಳಿಸಿಕೊಟ್ಟರು. ಸತ್ತ ಕರುವನ್ನು ಅದು ಸಂಜೆಯವರೆಗೂ ನೆಕ್ಕಿತು. ಡಾಕ್ಟರು ಬಾಗಿಲಲ್ಲಿ ನಿಂತೇ ಇದ್ದರು. ಅವಳು ಅವರತ್ತ ತಿರುಗಲಿಲ್ಲ.

ತಿಂಗಳೊಳಗೆ ಅವರಿಗೆ ವರ್ಗವಾಯಿತು. ಆಮೇಲೊಂದು ಪತ್ರ ಬಂತು. 'ತಪ್ಪು ನನ್ನ ನಾಲಿಗೆಯದು. ಕರೆಯದೆ ಬರಲು ನನಗೆ ಮುಖವಿಲ್ಲ. ಒಂದು ಸಲ ಕರೆಯಿರಿ, ಬರುತ್ತೇನೆ.'

ಉತ್ತರವನ್ನು ಅವಳು ಅಂದೇ ಬರೆದಳು. 'ಬನ್ನಿ.' ಅಷ್ಟೇ. ವಿಳಾಸ ಬರೆದು, ಸ್ಟಾಂಪ್ ಅಂಟಿಸಿ, ಧೈರ್ಯ ಬಂದ ದಿನ ಹಾಕೋಣವೆಂದು ಟ್ರಂಕಿನಲ್ಲಿಟ್ಟಳು. ಆ ದಿನ ಬರಲೇ ಇಲ್ಲ.

ಇವತ್ತು ಅವಳು ಕಾಯಲಿಲ್ಲ. ಫೋನ್ ಮಾಡಿದ ಅರ್ಧ ಗಂಟೆಗೆ ಹೊಸ ಡಾಕ್ಟರಮ್ಮ ಸ್ಕೂಟರಿನಲ್ಲಿ ಬಂದಳು. ಒಳಗೆ ಕರುವಿನ ಮುಂಗಾಲೊಂದು ಹಿಂದಕ್ಕೆ ಮಡಚಿಕೊಂಡಿತ್ತು. ಅದನ್ನು ಬಿಡಿಸಿ, ಇಬ್ಬರೂ ಸೇರಿ ಮೆಲ್ಲಗೆ ಎಳೆದರು. ಕರು ನೆಲಕ್ಕೆ ಬಿದ್ದು ಸೀನಿತು.

"ತಡವಾಗಿದ್ರೆ ದಕ್ಕುತ್ತಿರಲಿಲ್ಲ," ಡಾಕ್ಟರಮ್ಮ ಕೈ ತೊಳೆಯುತ್ತ ಹೇಳಿದಳು. "ನಮಗೆ ಪಾಠ ಮಾಡಿದ ಸರ್ ಒಬ್ರು ಇದ್ರು. ಮೂರು ಸಲ ಸುಮ್ಮಸುಮ್ಮನೆ ಕರೆದವರ ಮನೆಗೆ ನಾಲ್ಕನೇ ಸಲ ಕರೆಯದಿದ್ರೂ ಹೋಗಿ, ಹೋಗಿ ನಗಬೇಡಿ ಅನ್ನೋರು. ಅಷ್ಟಂದು ಕಿಟಕಿ ಕಡೆ ತಿರುಗಿಬಿಡೋರು."

ಹಾಲಿನಕ್ಕನ ಕೈಯಿಂದ ಚೊಂಬು ಜಾರಿತು.

"ಅವರು... ಹೇಗಿದ್ದಾರೆ?"

"ತಂಗಿ ಮನೇಲಿದ್ದಾರೆ. ಮದುವೆಯಾಗಲಿಲ್ವಂತೆ. ಎರಡು ವರ್ಷದಿಂದ ಕಣ್ಣು ಕಾಣಲ್ಲ ಅಕ್ಕ. ಪೇಪರ್ ಬಂದ್ರೂ ತಂಗಿಯೇ ಗಟ್ಟಿಯಾಗಿ ಓದಿ ಹೇಳ್ಬೇಕು."

ಹಾಲಿನಕ್ಕ ಕರುವಿನತ್ತ ತಿರುಗಿದಳು. ಹಸು ಅದನ್ನು ನೆಕ್ಕುತ್ತಿತ್ತು.

"ಅವರ ವಿಳಾಸ ಬರೆದುಕೊಡ್ತೀಯಾ, ಮಗಳೇ?"

ಒಳಗೆ ಹೋಗಿ ಟ್ರಂಕು ತೆಗೆದಳು. ಲಕೋಟೆ ಹಳದಿಯಾಗಿತ್ತು. ಬೇರೆಯವರ ಬಾಯಲ್ಲಿ, ಗಟ್ಟಿಯಾಗಿ, ಆ ಒಂದು ಮಾತು! ಕಿವಿ ಮತ್ತೆ ಬಿಸಿಯಾಯಿತು. ಆಗಲಿ. ಕಾಗದ ಹೊರತೆಗೆದು, 'ಬನ್ನಿ' ಎಂಬುದರ ಕೆಳಗೆ ಇನ್ನೊಂದು ಸಾಲು ಸೇರಿಸಿದಳು: 'ನಿಮಗೆ ಆಗದಿದ್ದರೆ ಹೇಳಿ ಕಳಿಸಿ. ಒಂದೇ ಸಲ ಸಾಕು, ನಾನೇ ಬರುತ್ತೇನೆ.'

ಹಳೆಯ ವಿಳಾಸ ಹೊಡೆದುಹಾಕಿ ಹೊಸದನ್ನು ಬರೆದು, ಸಗಣಿ ಮೆತ್ತಿದ ಸೀರೆಯಲ್ಲೇ ರಸ್ತೆಯ ತುದಿಯವರೆಗೆ ನಡೆದಳು. ಅಂಚೆಪೆಟ್ಟಿಗೆಯ ಬಾಯಲ್ಲಿ ಒಂದು ಕ್ಷಣ ಲಕೋಟೆಯನ್ನು ಹಿಡಿದೇ ನಿಂತು, ಆಮೇಲೆ ಬೆರಳು ಸಡಿಲಿಸಿದಳು.