ಕೊನೆಯ ಪುಟದ ಕಾಗದ

"ಎಷ್ಟು ಸಲ ಹೇಳ್ಬೇಕು ಗುರು? ಯಿದ್ದಿಶ್ ಪೇಪರ್ ಬಲಗಡೆಯಿಂದ ಶುರುವಾಗತ್ತೆ. ಮತ್ತೆ ಕೊನೇ ಪುಟ ತೆಗೆದು ಕೂತಿದ್ದೀಯಲ್ಲ!"

ಗುರುದತ್ ನಾಲಿಗೆ ಕಚ್ಚಿಕೊಂಡ. ಕನ್ನಡಕದ ಮೇಲಿಂದ ಅವನು ಹಾಗೆ ಕಳ್ಳನೋಟ ಬೀರಿದರೆ ಇಂದುವಿಗೆ ಬೈಯಲು ಮನಸ್ಸೇ ಬರುತ್ತಿರಲಿಲ್ಲ.

ಸ್ಟರ್ಲಿಂಗ್‌ನ ಆ ಆಫೀಸಿನಲ್ಲಿ ಎರಡು ವರ್ಷದಿಂದ ಇಬ್ಬರದೂ ಒಂದೇ ಕೆಲಸ. ಹಳೆಯ ಪತ್ರಿಕೆಯ ಸಂಪುಟಗಳನ್ನು ಅವಳು ಸ್ಕ್ಯಾನ್ ಮಾಡಬೇಕು, ಅವನು ಅದನ್ನು ಮೂಲದ ಜೊತೆ ಒಂದೊಂದೇ ಪುಟ ಹೋಲಿಸಿ ನೋಡಬೇಕು. ನೂರು ವರ್ಷದ ಹಿಂದೆ ಹಡಗಿನಲ್ಲಿ ಬಾಲ್ಟಿಮೋರಿಗೆ ಬಂದಿಳಿದ ಯಹೂದಿಗಳಿಗೆ ಕೆಲಸ ಎಲ್ಲಿದೆ, ವೋಟು ಹಾಕುವುದು ಹೇಗೆ ಎಂದು ಅವರದೇ ಯಿದ್ದಿಶ್ ಭಾಷೆಯಲ್ಲಿ ಹೇಳಿಕೊಟ್ಟ ಪತ್ರಿಕೆ ಅದು. ಮಕ್ಕಳು ಇಂಗ್ಲಿಷಿಗೆ ಹೊರಳಿದರು, ಓದುವವರು ತೀರಿಹೋದರು, ಪತ್ರಿಕೆ ನಿಂತಿತು.

ಅದರ ಪತ್ರಗಳ ಅಂಕಣವೆಂದರೆ ಇಂದುವಿಗೆ ಪ್ರಾಣ. ಯಾರಿಗೂ ಹೇಳಲಾಗದ್ದನ್ನು ಜನ ಸಂಪಾದಕರಿಗೆ ಬರೆಯುತ್ತಿದ್ದರು. ಊಟದ ಹೊತ್ತಿನಲ್ಲಿ ಗುರುದತ್ ಆ ಪತ್ರಗಳ ಅನುವಾದವನ್ನು ನಾಟಕದವನಂತೆ ಓದಿ ಅವಳನ್ನು ನಗಿಸುತ್ತಿದ್ದ.

ಈಗ ಅವಳ ವೀಸಾ ಎಕ್ಸ್‌ಟೆನ್ಷನ್ ರಿಜೆಕ್ಟ್ ಆಗಿತ್ತು. ಇವತ್ತು ಸಂಜೆಯೇ ಫ್ಲೈಟ್; ಅದು ಅವನಿಗೂ ಗೊತ್ತಿತ್ತು. ಅವನ ಗ್ರೀನ್ ಕಾರ್ಡ್ ಇನ್ನೂ ಅರ್ಧ ದಾರಿಯಲ್ಲಿತ್ತು. ಮನಸ್ಸಿನಲ್ಲಿರುವುದನ್ನು ಬಾಯಿಬಿಟ್ಟು ಹೇಳಿದರೆ ಈ ಹುಚ್ಚ ಎಲ್ಲ ಬಿಟ್ಟು ಹಿಂದೆಯೇ ಹೊರಟಾನು. ಹೇಳದೆ ಹೋದರೆ ತಾನು ಬದುಕುವುದು ಹೇಗೆ?

ಅವನು ಕಾಫಿ ತರಲು ಎದ್ದಾಗ, ಅವನು ಮುಂದೆ ತೆರೆಯಬೇಕಿದ್ದ ಕೊನೆಯ ಸಂಪುಟದ ಕೊನೆಯ ಪುಟದಲ್ಲಿ ಒಂದು ಕಾಗದ ಇಟ್ಟಳು. ಅವನು ಅಲ್ಲಿಗೆ ಬರಲು ವಾರ ಬೇಕು. ಅಷ್ಟರಲ್ಲಿ ತಾನು ಮೈಸೂರು ಸೇರಿಯಾಗಿರುತ್ತದೆ.

"ಬರ್ತೀನಿ ಗುರು," ಎಂದವಳು ತಿರುಗಿಯೂ ನೋಡದೆ ಹೊರಬಿದ್ದಳು.

ಪಾರ್ಕಿಂಗ್ ಲಾಟಿನಲ್ಲಿ ಕ್ಯಾಬ್ ಕಾಯುತ್ತಿತ್ತು. ಬ್ಯಾಗನ್ನು ಡಿಕ್ಕಿಯಲ್ಲಿಟ್ಟು ಬಾಗಿಲಿಗೆ ಕೈ ಹಾಕಿದಳು. ಅಳು ಒತ್ತರಿಸಿ ಬಂತು.

"ಇಂದು! ನಿಲ್ಲು!"

ಗುರುದತ್ ಏದುಸಿರು ಬಿಡುತ್ತ ಓಡಿ ಬಂದ. ಕೈಯಲ್ಲಿ ಅದೇ ಕಾಗದ.

"ನಿನಗೆ... ಇಷ್ಟು ಬೇಗ ಹೇಗೆ ಸಿಕ್ತು?"

"ಮತ್ತೆ ತಪ್ಪು ಕಡೆಯಿಂದ ತೆಗೆದೆ ಕಣೇ."

ಅವನು ಓದಿದ: "'ಮಾನ್ಯ ಸಂಪಾದಕರೇ, ಪಕ್ಕದ ಟೇಬಲ್ಲಿನವನನ್ನು ಪ್ರೀತಿಸುತ್ತೇನೆ. ನೀವು ಇದನ್ನು ಓದುವ ಹೊತ್ತಿಗೆ ನಾನು ಈ ದೇಶದಲ್ಲಿ ಇರುವುದಿಲ್ಲ. ಏನು ಮಾಡಲಿ?'" ಈ ಸಲ ನಾಟಕವಿರಲಿಲ್ಲ.

"ಸಂಪಾದಕರು ಏನಂತಾರೆ?" ಅವಳು ಕಣ್ಣೊರೆಸಿಕೊಂಡಳು.

"ವೀಸಾ ಅವರ ಕೈಲಿಲ್ಲ. ನೀನು ಹೋಗ್ಲೇಬೇಕು." ಅವಳ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡ. "ಆ ಸಂಪುಟ ಮುಗಿಸೋಕೆ ಒಂದು ವಾರ. ಮುಗಿಸಿ ನಾನೂ ಬರ್ತೀನಿ."

"ಮತ್ತೆ ನಿನ್ನ ಗ್ರೀನ್ ಕಾರ್ಡ್?"

"ನೀನಿಲ್ದೆ ಅದನ್ನ ಇಟ್ಕೊಂಡು ಏನು ಮಾಡ್ಲಿ?"

ಬೇಡ ಎನ್ನಬೇಕಿತ್ತು. ಈ ಮಾತು ಅವನಿಂದ ಬಾರದಿರಲೆಂದೇ ಇಷ್ಟು ದಿನ ಬಾಯಿ ಕಟ್ಟಿಕೊಂಡಿದ್ದಳು. ಕ್ಯಾಬಿನವನು ಹಾರ್ನ್ ಹೊಡೆದ.

"ಬೇಗ ಬಾ," ಎಂದಳು ಇಂದು.